ಬೇಲಿಯಂಚಿನ ಕುದುರೆ

ರೈಲು ಆಲ್ಮೇರೆ ದಾಟಿದ್ದೇ ತಡ, ಎಡಗಡೆ ಕಿಟಕಿಯಾಚೆ ಜೊಂಡು, ನೀರು, ಬೋಳು ಹುಲ್ಲುಗಾವಲು. ದೂರದಲ್ಲಿ ಬೂದು ಕುದುರೆಗಳ ಹಿಂಡು. ನೆದರ್ಲೆಂಡ್ಸ್‌ನ ಓಸ್ಟ್‌ಫಾರ್ಡರ್ಸ್‌ಪ್ಲಾಸೆನ್ ಎಂಬ ಬೇಲಿ ಸುತ್ತಿದ ನಿಸರ್ಗಧಾಮ ಇದೇ. ಲೆಲಿಸ್ಟಾಡ್‌ನಲ್ಲಿ ಇಳಿದು ಮಾರ್ಚ್‌ನ ಕೊರೆಯುವ ಗಾಳಿಯಲ್ಲಿ ಬೇಲಿಯ ಗುಂಟ ನಡೆದೆ.

1968ರಲ್ಲಿ ನೀರು ಬಸಿದು ಪಡೆದ ನೆಲವಿದು. ಕಾರ್ಖಾನೆಗಳಿಗೆಂದು ಮೀಸಲಿಟ್ಟ ತಗ್ಗು ಜೌಗಾಗಿಯೇ ಉಳಿಯಿತು, ಹಕ್ಕಿಗಳು ಬಂದವು. ಆಮೇಲೆ ಹೆಕ್ ತಳಿಯ ದನ, ಕೋನಿಕ್ ತಳಿಯ ಕುದುರೆ, 1992ರಲ್ಲಿ ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. ಮೇಯುವ ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನಿಸರ್ಗವೇ ಎಲ್ಲ ಸರಿದೂಗಿಸುತ್ತದೆ ಎಂಬುದು ಪರಿಸರ ವಿಜ್ಞಾನಿ ಫ್ರಾನ್ಸ್ ವೇರಾ ಅವರ ನಂಬಿಕೆ. ಬೇಟೆಯಾಡಲು ತೋಳಗಳಿರಲಿಲ್ಲ. ಹಿಂಡು 5,000 ದಾಟಿತು. 2017-18ರ ಚಳಿಗಾಲದಲ್ಲಿ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಹಸಿದು ನರಳಿ ಸಾಯುವುದು ಬೇಡವೆಂದು ಅವುಗಳಲ್ಲಿ ಹೆಚ್ಚಿನವನ್ನು ಅರಣ್ಯ ಸಿಬ್ಬಂದಿಯೇ ಗುಂಡಿಟ್ಟು ಕೊಂದಿದ್ದರು. ನೋಡಲಾರದ ಜನ ಬೇಲಿಯಾಚೆಗೆ ಹುಲ್ಲಿನ ಹೊರೆ ಎಸೆದರು. ಕೊನೆಗೆ ಸರ್ಕಾರ ಹಿಂಡಿನ ಗಾತ್ರಕ್ಕೆ ಮಿತಿ ಹಾಕಿತು.

ಒಂದು ಕೋನಿಕ್ ಹೆಣ್ಣುಕುದುರೆ ಬೇಲಿಗೆ ನಾಲ್ಕು ಮಾರು ದೂರದಲ್ಲಿತ್ತು. ಚಳಿಗಾಲದ ಒರಟು ಕೂದಲು ತೇಪೆತೇಪೆಯಾಗಿ ಉದುರುತ್ತಿತ್ತು, ಮೊಣಕಾಲವರೆಗೆ ಕೆಸರು ಮೆತ್ತಿತ್ತು. ಬೇಲಿಗೆ ತಾಗಿಕೊಂಡಿದ್ದ ಸತ್ತ ಮರದ ಕಾಂಡ ಕುದುರೆಯ ಬಾಯಿ ಎಟುಕುವಷ್ಟು ಎತ್ತರಕ್ಕೆ ಸಿಪ್ಪೆ ಸುಲಿದು ನುಣ್ಣಗಾಗಿತ್ತು. ಅದನ್ನು ಮುಟ್ಟಿ ನೋಡಿದೆ. ಹಲ್ಲಿನ ಗೀರುಗಳು ಬೆರಳಿಗೆ ಹತ್ತಿದವು.

ಕಾಡುಪ್ರಾಣಿಗಳ ಕಷ್ಟಕ್ಕೆ ಮನುಷ್ಯ ಕೈಹಾಕಬಾರದು ಎಂದು ನಾನೂ ವಾದಿಸುತ್ತಿದ್ದವನೇ. ಇಲ್ಲಿ ಆ ಮಾತು ನಾಲಿಗೆಗೆ ಬರಲಿಲ್ಲ. ಮೇವು ತೀರಿದರೆ ಹೆಬ್ಬಾತು ಹಾರಿಹೋಗುತ್ತದೆ. ಕುದುರೆ ಎಲ್ಲಿಗೆ ಹೋದೀತು? ಫೆಲುವೆ ಕಾಡಿನವರೆಗೆ ದಾರಿ ಬಿಡುವ ಯೋಜನೆಯಿತ್ತು, ಅದನ್ನು ಕೈಬಿಟ್ಟರು. ತಂದು ಬಿಟ್ಟವರೂ ನಾವೇ, ದಾರಿಗೆ ಅಡ್ಡಗಟ್ಟಿದವರೂ ನಾವೇ. ಹಾಗಿದ್ದಮೇಲೆ ಈ ಹಸಿವನ್ನು ನಿಸರ್ಗದ ತಲೆಗೆ ಕಟ್ಟುವುದು ಅನ್ಯಾಯ. ಹುಲ್ಲು ಎಸೆದವರ ಕರುಳನ್ನು ನಾನು ಗೌರವಿಸುತ್ತೇನೆ. ಆದರೆ ಈ ವರ್ಷ ಉಳಿದ ತಾಯಿಗಳು ಮರುವರ್ಷ ಈಯುತ್ತವೆ, ನೆಲ ಅಷ್ಟೇ ಇರುತ್ತದೆ. ಹುಟ್ಟಿಸಿ ಹಸಿವಿಗೆ ಒಪ್ಪಿಸುವುದಕ್ಕಿಂತ ಹುಟ್ಟನ್ನೇ ಕಡಿಮೆ ಮಾಡುವುದು ಮೇಲೆಂದು ನನಗೆ ಅನಿಸುತ್ತದೆ.

ಬೇಲಿಯ ಹಂಗಿಲ್ಲದ ನೋವಿನ ಮಾತೇ ಬೇರೆ. ನೆದರ್ಲೆಂಡ್ಸ್‌ನಲ್ಲಿ ಬಿಳಿಬಾಲದ ಹದ್ದು 2006ರಲ್ಲಿ ಮತ್ತೆ ಗೂಡು ಕಟ್ಟಿ ಮರಿಮಾಡಿದ್ದು ಇಲ್ಲೇ. ಅದಕ್ಕೂ ಹೊಟ್ಟೆಯಿದೆ, ಅದರ ಮರಿಗೂ. ಅದರ ಉಗುರಿಗೆ ಸಿಕ್ಕ ಹೆಬ್ಬಾತಿನ ನೋವೂ ಈ ಕುದುರೆಯದರಷ್ಟೇ ನಿಜ. ಆದರೂ ಹದ್ದನ್ನು ತಡೆಯುವ ಹಕ್ಕು ನನಗಿದೆ ಅನಿಸಲಿಲ್ಲ, ಹಾಗೆಂದು ಮನಸ್ಸಿಗೆ ಸಮಾಧಾನವೂ ಆಗಲಿಲ್ಲ.

ಸಂಜೆಗೆ ಹದ್ದೊಂದು ನೀರಿನ ಮೇಲೆ ಹಾದುಹೋಯಿತು. ಸಾವಿರಾರು ಹೆಬ್ಬಾತುಗಳು ಕೂಗುತ್ತ ಒಟ್ಟಿಗೇ ಎದ್ದವು. ಕುದುರೆ ತಲೆ ಎತ್ತಲಿಲ್ಲ, ಆಗತಾನೇ ಮೊಳೆತ ಹುಲ್ಲನ್ನು ಬುಡಸಮೇತ ಕಚ್ಚುತ್ತಿತ್ತು.