ಗೇಮ್ ಡಿಸ್ಕ್ ಆರ್ಕೈವ್ ಮಾಡೋರು ಆಡಿಯೋನ ಎಂಪಿ3 ಮಾಡ್ಬೇಡಿ

ಹಳೇ ಸಿಡಿ ಗೇಮ್‌ಗಳಲ್ಲಿ, ಸೆಗಾ ಸ್ಯಾಟರ್ನ್ ಆಗ್ಲಿ ಪಿಸಿ ಎಂಜಿನ್ ಸಿಡಿ ಆಗ್ಲಿ (ಎರಡೂ ಹಳೇ ಗೇಮ್ ಕನ್ಸೋಲ್‌ಗಳು), ಗೇಮ್ ಡೇಟಾ ಸ್ವಲ್ಪಾನೇ ಇರುತ್ತೆ, ಮಿಕ್ಕಿದ್ದೆಲ್ಲ ಮಾಮೂಲಿ ಆಡಿಯೋ ಟ್ರ್ಯಾಕ್ ಅನ್ನೋ ಡಿಸ್ಕ್‌ಗಳು ಬೇಕಾದಷ್ಟಿವೆ, ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತೆ. ಜಾಗ ಉಳಿಸೋಕೆ ನಾನೂ ಮೊದಲು ಎಂಪಿ3 ಮಾಡಿಟ್ಟಿದ್ದೆ, ಕೇಳೋಕೇನೋ ಚೆನ್ನಾಗೇ ಇತ್ತು, ಆದ್ರೆ ಎಂಪಿ3 ಎನ್ಕೋಡರ್ ಟ್ರ್ಯಾಕ್ ಶುರುಲಿ, ಕೊನೇಲಿ ಒಂಚೂರು ಮೌನ ಸೇರಿಸುತ್ತೆ, ಅದರಿಂದ ಒಂದಕ್ಕೊಂದು ಅಂಟಿಕೊಂಡಿರೋ ಟ್ರ್ಯಾಕ್‌ಗಳ ಮಧ್ಯೆ ಸಣ್ಣ ಗ್ಯಾಪ್ ಬರುತ್ತೆ, ಅದು ನಂಗೆ ತುಂಬಾ ಬೇಜಾರಾಯ್ತು. ಅದಕ್ಕಿಂತ ದೊಡ್ಡ ವಿಷ್ಯ, ಕಳೆದುಹೋದ ಬಿಟ್‌ಗಳು ವಾಪಸ್ ಬರಲ್ಲ, ಚೆಕ್‌ಸಮ್ (ಫೈಲ್ ಬದಲಾಗಿದ್ಯಾ ಅಂತ ನೋಡೋಕೆ ಅದರಿಂದ ಲೆಕ್ಕ ಹಾಕಿದ ಸಂಖ್ಯೆ) ಒರಿಜಿನಲ್ ಜೊತೆ ಯಾವತ್ತೂ ಮ್ಯಾಚ್ ಆಗಲ್ಲ. ಆಗ್ ವೋರ್ಬಿಸ್ (Ogg Vorbis) ಅನ್ನೋ ಇನ್ನೊಂದು ಆಡಿಯೋ ಫಾರ್ಮ್ಯಾಟ್‌ನಲ್ಲಿ ಗ್ಯಾಪ್ ತೊಂದ್ರೆ ಇಲ್ಲ, ಆದ್ರೆ ಅದೂ ಲಾಸಿನೇ, ಅಂದ್ರೆ ಕುಗ್ಗಿಸುವಾಗ ಸ್ವಲ್ಪ ಆಡಿಯೋ ಕಳೆದುಬಿಡುತ್ತೆ.

ಈಗ ನಾನು ಫ್ಲ್ಯಾಕ್ (FLAC, ಏನೂ ಕಳೆಯದೆ ಆಡಿಯೋ ಕುಗ್ಗಿಸೋ ಫಾರ್ಮ್ಯಾಟ್) ಬಿಟ್ಟು ಬೇರೇದು ಮುಟ್ಟಲ್ಲ. ಬಿಚ್ಚಿದ್ರೆ 44.1 ಕಿಲೋಹರ್ಟ್ಜ್, 16 ಬಿಟ್ ಸ್ಯಾಂಪಲ್‌ಗಳು ಇದ್ದ ಹಾಗೇ ವಾಪಸ್ ಸಿಗುತ್ತೆ. ಜಿಪ್‌ನಂಥವು ಆಡಿಯೋನ ಅಷ್ಟಾಗಿ ಕುಗ್ಗಿಸಲ್ಲ, ಫ್ಲ್ಯಾಕ್ ಮುಂದಿನ ಸ್ಯಾಂಪಲ್ ಊಹಿಸಿ ವ್ಯತ್ಯಾಸ ಮಾತ್ರ ಬರೆಯೋದ್ರಿಂದ ಚೆನ್ನಾಗಿ ಕುಗ್ಗುತ್ತೆ. ಸಿಎಚ್‌ಡಿ (CHD, ಇಡೀ ಡಿಸ್ಕನ್ನ ಕುಗ್ಗಿಸಿಡೋ ಫಾರ್ಮ್ಯಾಟ್) ಬಳಸಿದ್ರೆ ಇನ್ನೂ ಸುಲಭ, ಅದು ಆಡಿಯೋಗೆ ಫ್ಲ್ಯಾಕ್, ಡೇಟಾಗೆ ಎಲ್‌ಝಡ್‌ಎಂಎ (ಏನೂ ಕಳೆಯದ ಇನ್ನೊಂದು ಕುಗ್ಗಿಸೋ ವಿಧಾನ) ಅಂತ ತಾನೇ ಆರಿಸಿಕೊಂಡು ಎಲ್ಲಾನೂ ಒಂದೇ ಫೈಲಲ್ಲಿ ಇಡುತ್ತೆ, ಎಮ್ಯುಲೇಟರ್‌ಗಳೂ (ಹಳೇ ಗೇಮ್‌ಗಳನ್ನ ಕಂಪ್ಯೂಟರಲ್ಲಿ ಆಡಿಸೋ ಸಾಫ್ಟ್‌ವೇರ್) ನೇರವಾಗಿ ಓದುತ್ವೆ. ಒರಿಜಿನಲ್ ಬಿನ್ (ಡಿಸ್ಕ್‌ನಿಂದ ತೆಗೆದ ಕುಗ್ಗಿಸದ ಫೈಲ್) ಅಳಿಸೋ ಮುಂಚೆ ಮಾತ್ರ ಒಂದ್ಸಲ ವಾಪಸ್ ಬಿಚ್ಚಿ ಹ್ಯಾಶ್ (ಚೆಕ್‌ಸಮ್ ಥರದ್ದೇ ಸಂಖ್ಯೆ) ಹೋಲಿಸಿ ನೋಡ್ಕೊಳ್ಳಿ.