ದೊಡ್ಡಪ್ಪನ ನೆನಪು

ನಮ್ಮ ದೊಡ್ಡಪ್ಪ ಹೋದ ವಾರ ತೀರಿಕೊಂಡರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದವರು, ನಿವೃತ್ತಿಯಾದ ಮೇಲೆ ಚಿತ್ರದುರ್ಗಕ್ಕೆ ಬಂದು ನೆಲೆಸಿದ್ದರು. ತೇಜಸ್ ಯುದ್ಧವಿಮಾನ ಮೊದಲ ಸಲ ಹಾರಿದ 2001ರ ಜನವರಿ 4 ಅವರಿಗೆ ಮಕ್ಕಳ ಹುಟ್ಟುಹಬ್ಬದ ಹಾಗೆ ನೆನಪಿತ್ತು.

ಕೋಟೆ ಹತ್ತುವಾಗ ಹದ್ದು ಕಂಡರೆ ಸಾಕು, ನಿಂತುಬಿಡುತ್ತಿದ್ದರು. "ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತೆ, ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತೆ" ಅಂತ ಅಂಗೈ ಓರೆ ಮಾಡಿ ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. 2017ರಲ್ಲಿ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾದಾಗ ಅವರ ಖುಷಿ ನೋಡಬೇಕಿತ್ತು. ನಮ್ಮ ಜಿಲ್ಲೆಯಲ್ಲೇ ವಿಮಾನದ ಕೆಲಸ, ಅಲ್ವಾ?

ದೊಡ್ಡಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಅಡುಗೆಮನೆ ಪೂರ್ತಿ ಅವರದೇ. ಗಂಟಿಲ್ಲದ ರಾಗಿಮುದ್ದೆ ಮಾಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತರು. ನನಗೆ ಅವರು ಜಾಸ್ತಿ ಇಷ್ಟವಾಗಿದ್ದೇ ಅದಕ್ಕೆ.

ಭಾನುವಾರ ಮನೆಯಲ್ಲಿ ಕಾರ್ಯವಿದೆ. ಅವರನ್ನು ಬಲ್ಲವರು ದಯವಿಟ್ಟು ಬನ್ನಿ.