ಜೀಪಿನ ನೆಲ, ನವೆಂಬರಿನ ಬಿಸಿಲು

ನವೆಂಬರ್ 2, 2024, ಶನಿವಾರ. ಮಾದಾಪುರ

ಮಳೆ ಬಿಟ್ಟಿದೆ. ಮಹೀಂದ್ರ ಸಿಜೆ-3ಬಿ ಜೀಪಿನ ಬಾಡಿ ಕೆಲಸಕ್ಕೆ ಇದೇ ಕಾಲ. ಕಾಫಿ ಕೊಯ್ಲು ಶುರುವಾದರೆ ಕಣವೂ ಸಿಗದು, ಶೆಡ್ಡೂ ಸಿಗದು. ಅಷ್ಟರೊಳಗೆ ನೆಲ ಮುಗಿದು ಪ್ರೈಮರ್ ಬಿದ್ದಿರಬೇಕು.

ಕೊಡಗಿನ ಜೀಪಿಗೆ ತುಕ್ಕು ಹತ್ತುವುದು ಅಡಿಯಿಂದ. ನೆಲದ ತಗಡಿನ ಕೆಳಗೆ ಟೋಪಿಯಂತೆ ಮಡಚಿದ ಚಾನೆಲ್‌ಗಳಿವೆ. ತೋಟದ ದಾರಿಯ ಕೆಸರು ಅದರೊಳಗೆ ಸೇರಿತೆಂದರೆ ಮಳೆಗಾಲ ಮುಗಿದರೂ ಒಣಗುವುದಿಲ್ಲ. ಎರಡನೇ ಮಹಾಯುದ್ಧಕಾಲದ ವಿಲ್ಲೀಸ್ ಜೀಪುಗಳಲ್ಲಂತೂ ಆ ಚಾನೆಲ್‌ನೊಳಗೆ ಮರದ ಪಟ್ಟಿ ಇರುತ್ತಿತ್ತು. ಮರ ನೀರು ಕುಡಿದು ತಗಡನ್ನು ಒಳಗಿನಿಂದಲೇ ತಿಂದುಹಾಕುತ್ತಿತ್ತು. ಮೇಲಿನ ಬಣ್ಣ ನೋಡಿ ನಂಬಬಾರದು. ಚೂಪಾದ ಸ್ಕ್ರೂಡ್ರೈವರಿನಿಂದ ಗೇಣಿಗೊಂದರಂತೆ ಚುಚ್ಚಿ ನೋಡಬೇಕು. ಟಣ್ ಎಂದರೆ ತಗಡು ಗಟ್ಟಿ, ಒಳಗಿಳಿದರೆ ಅಲ್ಲಿಂದಾಚೆ 25 ಮಿ.ಮೀ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು.

ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚಿ. ಸೀಟಿನಡಿಯ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಶೆಡ್ಡಿನಿಂದ ಆಚೆ ಇಡಿ. ಖಾಲಿ ಟ್ಯಾಂಕಿಗೆ ಏನಾಗುತ್ತದೆ ಎಂಬ ಮಾತು ಬೇಡವೇ ಬೇಡ: ಒಳಗೆ ಉಳಿದ ಪೆಟ್ರೋಲ್ ಆವಿ ಗಾಳಿಯೊಂದಿಗೆ ಬೆರೆತಿರುವುದರಿಂದ ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ.

ನೆಲ ಕತ್ತರಿಸುವ ಮುನ್ನ ಎರಡು ಬದಿಯ ಇಳಿಯುವ ಜಾಗಕ್ಕೂ ಆಂಗಲ್ ಪಟ್ಟಿಯನ್ನು ಅಲ್ಲಲ್ಲಿ ಚಿಕ್ಕ ವೆಲ್ಡಿನಿಂದ ಹಿಡಿಸಿ (ಟ್ಯಾಕ್ ಹೊಡೆದು), ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣದ ಅಳತೆ ಬರೆದಿಟ್ಟುಕೊಳ್ಳಬೇಕು. ಈ ಗಾಡಿಗೆ ಬಾಗಿಲ ಚೌಕಟ್ಟಿಲ್ಲ, ಬಾಡಿಯನ್ನು ಹಿಡಿದಿರುವುದೇ ನೆಲ. ಅದು ಹೋದರೆ ಬದಿಗಳು ಒಳಕ್ಕೆ ವಾಲುತ್ತವೆ, ಆಮೇಲೆ ಹಿಂದಿನ ಡಾಲಾ (ಇಳಿಸುವ ಬಾಗಿಲು) ಕೂರುವುದಿಲ್ಲ.

ಹೊಸ ತಗಡು 18 ಗೇಜ್, ಮಿಗ್ ವೆಲ್ಡಿಂಗಿನ ತಂತಿ 0.8 ಮಿ.ಮೀ. ಉದ್ದಕ್ಕೆ ಎಳೆಯುತ್ತಾ ಹೋದರೆ ತಗಡು ಹಪ್ಪಳದಂತೆ ಉಬ್ಬುತ್ತದೆ. 25–30 ಮಿ.ಮೀ.ಗೊಂದು ವೆಲ್ಡ್ ಚುಕ್ಕಿ, ಒಮ್ಮೆ ಈ ತುದಿ, ಒಮ್ಮೆ ಆ ತುದಿ. ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ನಡುವಿನದು. ತಗಡಿನ ಮೇಲೆ ತಗಡು ಕೂರುವ ಕಡೆ ಸತುವಿನ ವೆಲ್ಡಿಂಗ್ ಪ್ರೈಮರ್ ಬಳಿಯದೆ ಮುಚ್ಚಬೇಡಿ, ಆಮೇಲೆ ಅಲ್ಲಿಗೆ ಬ್ರಷ್ ಹೋಗದು. ಹೊಸ ಚಾನೆಲ್‌ನ ಎರಡೂ ತುದಿಗೆ 10 ಮಿ.ಮೀ. ತೂತು ಬಿಡಿ. ನೀರು ಒಳಗೆ ಬಂದೇ ಬರುತ್ತದೆ, ಹೊರಗೆ ಹೋಗಲು ದಾರಿ ಇರಬೇಕು. ಬಣ್ಣ ಒಣಗಿದ ಮೇಲೆ ಅದೇ ತೂತಿನಿಂದ ಮೇಣದ ಎಣ್ಣೆ ಸಿಂಪಡಿಸಬಹುದು.

ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿಯ ನೆಲದ ಕೆಳಗೆ. ಎಣ್ಣೆ ತುಂಬುವ ಕಿಂಡಿಯನ್ನು ಹೊಸ ತಗಡಿನಲ್ಲೂ ಅದೇ ಜಾಗಕ್ಕೆ ಕೊರೆದು, ಮುಚ್ಚಳಕ್ಕೆ ರಬ್ಬರ್ ಕೊಡಬೇಕು.

ನವೆಂಬರ್ 10, ಭಾನುವಾರ

ಪ್ರೈಮರ್. ಗಾಡಿಯನ್ನು ರೆಡ್ ಆಕ್ಸೈಡ್ ಹೊಡೆದು ವರ್ಷಗಟ್ಟಲೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ಮೇಲೆ ಬಣ್ಣವಿಲ್ಲದ ರೆಡ್ ಆಕ್ಸೈಡ್ ಪದರಕ್ಕೆ ನಮ್ಮ ತೇವವನ್ನು ತಡೆಯುವ ಶಕ್ತಿ ಇಲ್ಲ. ಕೆರೆದು ನೋಡಿದರೆ ಅಡಿಯಲ್ಲಿ ಹೊಸ ತುಕ್ಕು. ಬರಿ ತಗಡಿಗೆ ಎರಡು ಡಬ್ಬಿಯದ್ದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್, ಪುಟ್ಟಿ ಏನಿದ್ದರೂ ಅದರ ಮೇಲೆ. ಪುಟ್ಟಿ ತೇವ ಹೀರುತ್ತದೆ, ಉಜ್ಜಿದ ದಿನವೇ ಮುಚ್ಚಬೇಕು.

ಇಬ್ಬನಿ ಇನ್ನೊಂದು ತೊಡಕು. ತೇವಾಂಶ ಶೇ. 85 ದಾಟಿರಬಾರದು, ತಗಡಿನ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಇಲ್ಲಿ ಹಾಗೆಂದರೆ ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಅಷ್ಟೇ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಆಗಾಗ ಬಸಿಯಿರಿ, ಗನ್ನಿಗೆ ಮೊದಲು ನೀರು ತಡೆಯುವ ಫಿಲ್ಟರ್ ಇರಲಿ. ಇಲ್ಲದಿದ್ದರೆ ಬಣ್ಣದಲ್ಲಿ ಗುಳ್ಳೆ. ಪಿಯು (ಪಾಲಿಯುರೆಥೇನ್) ಬಣ್ಣವನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಎಂಬ ವಿಷ ಇರುತ್ತದೆ, ಬಟ್ಟೆ ಕಟ್ಟಿಕೊಂಡರೆ ಶ್ವಾಸಕೋಶ ಉಳಿಯದು. ಹೊರಗಿನ ಗಾಳಿ ಕೊಡುವ ಮುಖವಾಡ ಇಲ್ಲದವರು ಮನೆಯಲ್ಲಿ ಸಿಂಥೆಟಿಕ್ ಎನಾಮೆಲ್‌ಗೇ ನಿಲ್ಲಲಿ. ಜೀಪಿಗೆ ಅದು ಒಪ್ಪುತ್ತದೆ ಕೂಡ.

ನವೆಂಬರ್ 17, ಭಾನುವಾರ

ಎಂಜಿನ್: 2.2 ಲೀಟರಿನ ಹರಿಕೇನ್. ಇನ್‌ಲೆಟ್ ವಾಲ್ವ್ ಎಂಜಿನ್ನಿನ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ತಣ್ಣಗಿರುವಾಗ ವಾಲ್ವಿನ ಸಂದು ಇನ್‌ಲೆಟ್‌ಗೆ 0.018 ಇಂಚು, ಎಕ್ಸಾಸ್ಟ್‌ಗೆ 0.016. ಹೆಡ್ ಬಿಚ್ಚುವಾಗ ಒಂದು ಬೋಲ್ಟ್ ಕಣ್ಣಿಗೆ ಬೀಳುವುದಿಲ್ಲ, ಅದು ಕಾರ್ಬುರೇಟರ್ ಕೂರುವ ಬಾಯೊಳಗಿದೆ. ಅದನ್ನು ಬಿಚ್ಚದೆ ಮೀಟಿದರೆ ಹೆಡ್ ಸೀಳುತ್ತದೆ. ಕೂರಿಸುವಾಗ ಮರೆತರೆ ಗ್ಯಾಸ್ಕೆಟ್ ಹೋಗುತ್ತದೆ.

ಗಾಡಿಯಲ್ಲಿ ಬದಲಾಯಿಸಬೇಕಾದ್ದು ಒಂದಿದ್ದರೆ ಅದು ಬ್ರೇಕ್. ನಾಲ್ಕು ಚಕ್ರಕ್ಕೂ ಒಂದೇ ಸರ್ಕ್ಯೂಟ್, ಒಂದು ಪೈಪ್ ಸೋರಿದರೆ ಪೆಡಲ್ ನೆಲಕ್ಕೆ. ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸಲೇಬೇಕು. ಡೀಸೆಲ್ ಎಂಜಿನ್ ಕೂರಿಸುವ ಆಸೆಯಿದ್ದರೆ ಮೊದಲು ಆರ್‌ಟಿಒ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು.

ಹಳೇ ಬ್ರೇಕ್ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಬಂತು. ಡಾಟ್ 3 ಎಣ್ಣೆ ಗಾಳಿಯ ತೇವ ಹೀರುತ್ತದೆ, ಚಕ್ರದ ಬಳಿಯ ಬ್ರೇಕ್ ಸಿಲಿಂಡರ್ (ವೀಲ್ ಸಿಲಿಂಡರ್) ಒಳಗೆ ಗುಳಿ ಬೀಳುವುದು ಅದರಿಂದ. ಗುಳಿ ಬಿದ್ದದ್ದನ್ನು ಉಜ್ಜಿ ಹಾಕಬೇಡಿ. ನಾಲ್ಕೂ ಹೊಸದು ತರಿಸಬೇಕು, ಹುತ್ತರಿ ಸುಗ್ಗಿ ಹಬ್ಬಕ್ಕೆ ಮೊದಲು.